ಮೂವತ್ತೇಳೊಂದ್ಲೆ

ಎಲ್ಲ ಸಾಲಿನಲ್ಲೂ ಸಮನಾಗಿ ಜನ ಕೂರದಿದ್ದರೆ ಊಟ ಬಡಿಸುವಂತಿಲ್ಲ ಎಂಬ ಕಾಯ್ದೆ ಬಂದ ಮೇಲೆ, ಶುಭಕಾರ್ಯದ ಮನೆಗೆಲ್ಲ ಸಾಲು ಇನ್‌ಸ್ಪೆಕ್ಟರ್ ಬರುವುದು ರೂಢಿಯಾಗಿತ್ತು. ನೀಲವ್ವನ ಬಸುರಿ ಮಗಳ ಕುಬಸಕ್ಕೂ ಒಬ್ಬ ಬಂದು ತಲೆ ಎಣಿಸಿದ.

"ಮೂವತ್ತೇಳು. ಯಾವ ಮಗ್ಗಿಯೊಳಗೂ ಬರಂಗಿಲ್ಲ. ಒಬ್ಬರನ್ನ ಹೊರಗ ಕಳಸ್ರಿ. ಮೂವತ್ತಾರಾದ್ರ ಆರು ಸಾಲಿಗೆ ಆರಾರು, ಇಲ್ಲಾ ನಾಕು ಸಾಲಿಗೆ ಒಂಬತ್ತೊಂಬತ್ತು."

ಯಾರೂ ಹೇಳುವ ಮೊದಲೇ ನೀಲವ್ವನ ಅಕ್ಕ ಈರವ್ವ ಎಲೆ ಬಿಟ್ಟು ಎದ್ದಳು. ಗಂಡ ತೀರಿಕೊಂಡ ಮೇಲೆ, ಲೆಕ್ಕ ಕೂಡದಾಗಲೆಲ್ಲ ಏಳುವವಳು ಅವಳೇ. ನಸುಕಿನಿಂದ ಹೋಳಿಗೆ ಲಟ್ಟಿಸಿದವಳೂ ಅವಳೇ. ನೀಲವ್ವನಿಗೆ ಮೈಯೆಲ್ಲ ಉರಿದುಹೋಯಿತು.

"ಕುಂದ್ರು ಅಕ್ಕಾ! ಏನ್ರಿ ಸಾಹೇಬ್ರ, ಶಾಲ್ಯಾಗ ಎರಡರ ಮಗ್ಗಿ ಹೆಂಗ ಶುರು ಮಾಡ್ತಿದ್ರಿ?"

"ಎರಡೊಂದ್ಲೆ ಎರಡು..."

"ಮೂವತ್ತೇಳೊಂದ್ಲೆ?"

"ಮೂವತ್ತೇಳು," ಎಂದವನೇ ಇನ್‌ಸ್ಪೆಕ್ಟರ್ ತಡಬಡಿಸಿ ಕಾಯ್ದೆಯ ಪುಸ್ತಕ ತಿರುವಿದ. ಒಂದೇ ಸಾಲು ಇರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ.

"ಆ ಒಂದ್ಲೆ ನುಂಗಿ ಎಷ್ಟು ಮಂದೀನ ಎಲಿ ಮುಂದಿಂದ ಎಬ್ಬಿಸೀರಿ? ನಾಚಿಕಿ ಬರಂಗಿಲ್ಲೇನು?"

ಚಾಪೆಗಳು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ ಒಂದೇ ಸಾಲಾಗಿ ಚಾಚಿಕೊಂಡು ಹೋದವು. ಮೊದಲ ಎಲೆಯ ಮುಂದೆ ಈರವ್ವನನ್ನು ಕೂರಿಸಿ, ನೀಲವ್ವ ಓಣಿಯ ತುದಿಯಲ್ಲಿ ಇನ್ನೊಂದು ಎಲೆ ಹಾಕಿದಳು.

"ಇದು ನಿಮಗ, ಸಾಹೇಬ್ರ. ಕೂಡ್ರಿ. ಈ ಸಾಲಿನ್ಯಾಗ ಯಾರೂ ಹೆಚ್ಚಾಗಂಗಿಲ್ಲ."