ದೇವರ ಮುಂದಿನ ಕೀ

"ನಿನ್ನೆ ಚೆನ್ನಾಗೇ ಇತ್ತಲ್ಲ, ಇವತ್ತೇ ಕೈ ಕೊಡ್ಬೇಕಾ ಇದು?" ಯಾರನ್ನೂ ನೋಡದೆ ಕೇಳಿಕೊಂಡ ರಂಜಿತ, ಕಾರಿನ ಕೀಯ ಗುಂಡಿಯನ್ನು ಮತ್ತೆ ಒತ್ತಿದಳು. ಬಾಗಿಲು ತೆರೆಯಲಿಲ್ಲ. ಅನುಗೊಂಡನಹಳ್ಳಿಯಲ್ಲಿ ನಾದಿನಿಯ ಮಗುವಿಗೆ ನಾಮಕರಣ. ಕಿವಿಯಲ್ಲಿ ಅಜ್ಜಿಯೇ ಹೆಸರು ಹೇಳಬೇಕೆಂದು ಅಲ್ಲಿ ಎಲ್ಲರೂ ಕಾಯುತ್ತಿದ್ದರು. ಆ ಅಜ್ಜಿ, ರಂಜಿತಳ ಅತ್ತೆ ಮುನಿವೆಂಕಟಮ್ಮ, ರೇಷ್ಮೆ ಸೀರೆಯುಟ್ಟು ಪಕ್ಕದಲ್ಲೇ ನಿಂತಿದ್ದರು. ಸೊಸೆ ಅಷ್ಟು ದೂರ ಕಾರು ಓಡಿಸಲು ಹೊರಟಿದ್ದು ಇದೇ ಮೊದಲು.

"ಹೊಸ ಸೆಲ್ ಹಾಕ್ಸಿ ವಾರಾನೂ ಆಗಿಲ್ಲ ಅತ್ತೆ," ಎನ್ನುತ್ತಾ ರಂಜಿತ ಹೇರ್‌ಪಿನ್ನಿನಿಂದ ಕೀಯ ಮುಚ್ಚಳ ಎಬ್ಬಿಸಿದಳು. ಸೆಲ್ಲಿನ ಸುತ್ತ ಒದ್ದೆ ಕುಂಕುಮ ಮೆತ್ತಿಕೊಂಡಿತ್ತು. "ಕೀಗೂ ಪೂಜೆ ಮಾಡಿದ್ರಾ?"

"ನೀನು ಸ್ಟೇರಿಂಗ್ ಹಿಡಿದಾಗಿಂದ ದಿನಾ ಮಾಡ್ತೀನಿ," ಎಂದರು ಅತ್ತೆ, ಸಂಕೋಚವಿಲ್ಲದೆ. "ಇವತ್ತು ದೂರ ಹೋಗ್ತೀಯಲ್ಲಾಂತ ಅಭಿಷೇಕಾನೂ ಮಾಡ್ದೆ."

ರಂಜಿತಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಸೆಲ್ಲನ್ನು ಸೆರಗಿನಲ್ಲಿ ಒರೆಸಿ, ಕೂರಿಸಿ, ಗುಂಡಿ ಒತ್ತಿದಳು. ದೀಪ ಹಚ್ಚಿದಂತೆ ಕಾರಿನ ಕಣ್ಣೆರಡೂ ಮಿನುಗಿದವು. ಮುನಿವೆಂಕಟಮ್ಮ ಅದಕ್ಕೂ ಕೈಮುಗಿದರು.

"ಇನ್ಮೇಲೆ ಕೀನ ಬಿಟ್ಬಿಡಿ ಅತ್ತೆ. ಬೇಕಾದ್ರೆ ನನ್ನ ಹಣೆಗೇ ಕುಂಕುಮ ಇಡಿ."

"ಅದೆಲ್ಲ ಆಗಲ್ಲ," ಎಂದರು ಅತ್ತೆ, ಮುಂದಿನ ಸೀಟಿನಲ್ಲಿ ಕೂರುತ್ತಾ. "ನಿಂಗೂ ಇಡ್ತೀನಿ, ಅದಕ್ಕೂ ಇಡ್ತೀನಿ."