ಅಪ್ಪನ ಸಂಕಲ್ಪ

ಬೇವು ಕುದಿಯುವ ವಾಸನೆ ಬಂದರೆ ಇಂದಿಗೂ ನಾನು ಮೊದಲು ಒಲೆ ಆರಿಸಿ, ಆಮೇಲೆ ಕಿಟಕಿ ತೆರೆಯುತ್ತೇನೆ.

ಬಾಲಾನಗರದ ನಮ್ಮ ಮನೆಯಲ್ಲಿ ಯುಗಾದಿಯ ದಿನ ಅಜ್ಜಿ ತಾಮ್ರದ ಪಾತ್ರೆಯಲ್ಲಿ ಬೇವು, ತುಳಸಿ, ಲಕ್ಕಿ ಸೊಪ್ಪು ಕುದಿಸುತ್ತಿದ್ದಳು. ಆ ಆವಿಯ ಮುಂದೆ ನಿಂತು ಒಬ್ಬೊಬ್ಬರೂ ಹೊಸ ವರ್ಷಕ್ಕೊಂದು ಸಂಕಲ್ಪ ಹೇಳಬೇಕು. ಎಲ್ಲರೂ ಹೇಳುವವರೆಗೆ ಪಾತ್ರೆ ಇಳಿಸುವಂತಿಲ್ಲ. 'ಹೇಳಿ ತಪ್ಪಿದ್ರ ಮನ್ಯಾಗ ಒಬ್ಬರು ಕಡಿಮಿ ಆಗ್ತಾರ' ಎನ್ನುತ್ತಿದ್ದಳು.

ಆ ವರ್ಷ ಪಟಾನ್‌ಚೆರುವಿನ ಕೆಮಿಕಲ್ ಫ್ಯಾಕ್ಟರಿಗೆ ರಾತ್ರಿ ಪಾಳಿಗೆ ಹೋದ ಅಪ್ಪ ಮಧ್ಯಾಹ್ನವಾದರೂ ಬರಲಿಲ್ಲ. ಅಲ್ಲಿ ಗ್ಯಾಸ್ ಸೋರಿದೆಯೆಂದು ಪಕ್ಕದ ಮನೆಯವರು ಹೇಳಿ ಹೋದರು. ನಾವೆಲ್ಲ ಸಂಕಲ್ಪ ಹೇಳಿ ಮುಗಿಸಿದ್ದೆವು.

'ಇಳಸ್ತೀನ್ರಿ ಅತ್ತಿ, ಸೊಪ್ಪು ಕರ್ರಗಾತು' ಎಂದಳು ಅಮ್ಮ.

'ಮುಟ್ಟಬ್ಯಾಡ. ನೀರು ಹಾಕು. ಅಂವಂದು ಬಾಕಿ ಐತಿ.'

ಅಮ್ಮ ಚೊಂಬಿನಿಂದ ನೀರು ಸುರಿಯುತ್ತಲೇ ಇದ್ದಳು. ಆವಿ ನಿಂತರೆ ಅಪ್ಪ ಬರುವುದಿಲ್ಲವೆಂದು ನಾನು ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ.

ಹೊತ್ತು ಇಳಿಯುವಾಗ ಅಪ್ಪ ಬಂದರು. ಕಣ್ಣು ಕೆಂಪಗಿದ್ದವು, ಅಂಗಿಯಿಂದ ಮೂಗು ಸುಡುವ ಘಾಟು ಬರುತ್ತಿತ್ತು. ಅಜ್ಜಿ ರಟ್ಟೆ ಹಿಡಿದು ಅವರನ್ನು ಒಲೆಯ ಮುಂದೆ ನಿಲ್ಲಿಸಿದಳು. ಕೆಮ್ಮುತ್ತಲೇ ಅಪ್ಪ ಹೇಳಿದರು: 'ಇನ್ನ ಆ ಫ್ಯಾಕ್ಟರಿಗೆ ಕಾಲಿಡಂಗಿಲ್ಲವ್ವ.'

ಅಜ್ಜಿ ಪಾತ್ರೆ ಇಳಿಸಿದಳು.

ವಾರ ಕಳೆಯುವ ಮೊದಲೇ ಅಕ್ಕಿ ಡಬ್ಬಿಯ ತಳ ಕಂಡಿತು, ಬೇರೆ ಕೆಲಸವೂ ಸಿಗಲಿಲ್ಲ. ಅಪ್ಪ ಮತ್ತೆ ಪಟಾನ್‌ಚೆರು ಬಸ್ಸಿಗೆ ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತು, 'ಅಜ್ಜಿ, ಅಪ್ಪ ಹೊಂಟಾರ ನೋಡು! ಹೋಗಬ್ಯಾಡ ಅನ್ನು!' ಎಂದು ಕಿರುಚಿದೆ.

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ, ಊಟದ ಡಬ್ಬಿಯನ್ನು ಅವರ ಕೈಗೆ ಕೊಟ್ಟಳು. 'ಬಸ್ ಬರೋ ಹೊತ್ತಾತು, ಲಗೂ ನಡಿಯಪ್ಪ' ಎಂದಳು.