ಎರಡನೆಯ ಕಲ್ಲು

ಸಿಗ್ನಿ ಬಗ್ಗಿ ಒಂದು ಕರಿಯ ಕಲ್ಲನ್ನು ಎತ್ತಿಕೊಂಡಾಗ ಥೋರಾಗೆ ನಗು ಬಂತು.

“ಏ ಕಳ್ಳಿ, ಕೆಳಗಿಡು ಅದನ್ನ. ಒಬ್ಬರಿಗೆ ಒಂದೇ ಕಲ್ಲು ಅಂತ ಪ್ರವಾಸಿಗರ ಕೈಯಿಂದ ಕಿತ್ಕೊಳ್ತಿದ್ದೋಳು ನೀನೇ ಅಲ್ವೇನೇ?”

“ಹೋಗೇ, ನಾನು ಈ ದಾರೀಲಿ ಬರ್ತಿರೋದೇ ಇದೇ ಮೊದಲು,” ಎಂದು ಸಿಗ್ನಿ ಕಲ್ಲಿನ ಧೂಳನ್ನು ಕೋಟಿಗೆ ಒರೆಸಿದಳು.

ಈ ದಾರಿಯಲ್ಲಿ ಮೊದಲ ಸಲ ಹೋಗುವವರು, ಪ್ರಯಾಣ ಸುಖವಾಗಲಿ ಎಂದು ರಸ್ತೆ ಬದಿಯ ಈ ಕಲ್ಲುಗುಪ್ಪೆಗಳ ಮೇಲೆ ಒಂದು ಕಲ್ಲು ಇಡುತ್ತಾರೆ. ಸಿಗ್ನಿ ತನ್ನದನ್ನು ಇಟ್ಟಿದ್ದು ಹರೆಯದಲ್ಲಿ. ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಮೂವರು ಗೆಳತಿಯರು ಕಾರಿನಲ್ಲಿ ಐಸ್‌ಲ್ಯಾಂಡನ್ನು ಒಂದು ಸುತ್ತು ಹಾಕುತ್ತಿದ್ದರು. ಕಳೆದ ಚಳಿಗಾಲದಲ್ಲಿ ಸಿಗ್ನಿಗೆ ಮರೆವು ಜೋರಾದ ಮೇಲೆ, ಹಳೆಯ ಜಾಗಗಳನ್ನು ಕಂಡರೆ ಎಲ್ಲ ನೆನಪಾದೀತು ಎಂದು ಥೋರಾ ಮತ್ತು ರಾಗ್ನಾ ಹಟ ಹಿಡಿದು ಅವಳನ್ನು ಹೊರಡಿಸಿದ್ದರು. ನಿನ್ನೆ ಬಿಸಿನೀರಿನ ಕೊಳದಲ್ಲಿ ಅವಳು ಹಳೆಯದೊಂದು ಹಾಡನ್ನು ಪೂರ್ತಿ ಹಾಡಿದಾಗ ಇಬ್ಬರಿಗೂ ಹೋದ ಜೀವ ಬಂದಂತಾಗಿತ್ತು.

ಸಿಗ್ನಿ ಮಂಡಿಯೂರಿ, ಕಲ್ಲನ್ನು ಅಲುಗಾಡದಂತೆ ಕೂರಿಸಿದಳು. ಗಾಳಿಗೆ ಬೀಳದೆ ಅದು ನಿಂತಿದ್ದನ್ನು ಕಂಡು ಮಗುವಿನಂತೆ ಖುಷಿಪಟ್ಟಳು. ಥೋರಾ ಕಾರಿನ ಕಡೆ ಮುಖ ತಿರುಗಿಸಿಕೊಂಡಳು.

“ನೀವಿಬ್ರೂ ಇಡಲ್ವಾ?”

“ನಾವು ಆಗಲೇ ಇಟ್ಟಾಗಿದೆ ಕಣೇ,” ಎಂದಳು ರಾಗ್ನಾ. “ಹಿಂದೆ ಬಂದಿದ್ವಲ್ಲ, ಆಗ.”

“ಹೌದಾ? ಯಾರ ಜೊತೆ ಬಂದಿದ್ರಿ?”

ರಾಗ್ನಾ ಅವಳ ಕೋಟಿಗೆ ಮೆತ್ತಿದ್ದ ಧೂಳನ್ನು ಕೊಡವತೊಡಗಿದಳು.

“ಒಬ್ಬಳು ಗೆಳತಿ ಇದ್ದಳು. ಅವಳ ಜೊತೆ.”

“ಪಾಪ,” ಎಂದಳು ಸಿಗ್ನಿ. “ಈ ಸಲ ಅವಳನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?”